ಅನ್ನದಾನಮ್ಮನ ಪಿಟ್ಟಗೋಡೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೈಕು ಕಂಡರೆ ಆಗುವುದಿಲ್ಲ. ಯಾರ ದೇವರ ಮೈಕಾದರೂ ಅಷ್ಟೇ. ನಮ್ಮ ಗುಡಿಯವರು ಹಾಕಿದರೂ ಬೈಯುತ್ತೇನೆ, ಎದುರಿಗಿರುವ ಕ್ರಿಸ್ತರ ಸಭೆಯವರು ಹಾಕಿದರೂ ಬೈಯುತ್ತೇನೆ. ರಾಯದುರ್ಗದ ಕೋಟೆ ಬೆಟ್ಟದ ಬುಡದಲ್ಲಿರುವ ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರುಮನೆಯವರು ಸೀನುತ್ತಾರೆ. ಅಂಥದ್ದರಲ್ಲಿ ಕಹಳೆಯಂಥ ಮೈಕನ್ನು ಮಾಳಿಗೆಯ ಮೇಲೆ, ಸರಿಯಾಗಿ ನನ್ನ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಕಟ್ಟಿದರೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ?

ನಾನು ಬಸವರಾಜೇಶ್ವರಿ. ನಮ್ಮ ಮನೆಯ ಕೆಳಗಿನ ಸಿಮೆಂಟು, ಇಟ್ಟಿಗೆ, ಕಬ್ಬಿಣದ ಅಂಗಡಿ ನನ್ನ ಗಂಡ ದೊಡ್ಡಮಲ್ಲಪ್ಪನವರದು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ವಚನದ ಪುಸ್ತಕದಲ್ಲಿ ಒಂದು ಹಾಳೆ ಓದಿದ ಮೇಲೆಯೇ ಅವರು ಷಟರ್ ಎತ್ತುವುದು. ಇಂಥ ಮನೆಯವಳಾದ ನಾನು, ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಒಬ್ಬ ಕ್ರಿಸ್ತರ ಹೆಂಗಸಿನ ಕಥೆ ಯಾಕೆ ಹೇಳಬೇಕು? ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೆ. ಯಾರ ಮೇಲೆ ಅಂತೀರಾ? ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಅವಳ ಹೆಸರು ಅನ್ನದಾನಮ್ಮ. ಹೆಸರು ನಮ್ಮವರ ಹೆಸರಿನ ಹಾಗೇ ಇದೆ. ಇಲ್ಲಿನ ಕ್ರಿಸ್ತರಲ್ಲಿ ಬಹಳ ಜನರ ಹೆಸರು ಹೀಗೇ. ಗಂಡ ಕಾಟಪ್ಪ ಬಸ್‌ಸ್ಟ್ಯಾಂಡಿನಿಂದ ಆಟೋ ಓಡಿಸುತ್ತಾನೆ. ಇವಳು ಮನೆಯ ಮೆಟ್ಟಿಲ ಮೇಲೆ ಕೂತು, ಹೊಲಿಗೆ ಯೂನಿಟ್ಟಿನಿಂದ ಬಂದ ಪ್ಯಾಂಟಿನ ಕಟ್ಟು ಬಿಚ್ಚಿ, ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನು ಪುಟ್ಟ ಕತ್ತರಿಯಿಂದ ಕಚಕಚ ಕತ್ತರಿಸುತ್ತಾಳೆ. ಬಟ್ಟೆಯ ಬಣ್ಣ ಹತ್ತಿ ಅವಳ ಬೆರಳು ಸದಾ ನೀಲಿ. ಎಷ್ಟು ತೊಳೆದರೂ ಹೋಗುವುದಿಲ್ಲ.

ಹುಟ್ಟಿದ್ದು ಕಣೇಕಲ್ಲಿನ ಕಡೆ, ಕಾಲುವೆ ನೀರಿನ ಗದ್ದೆಗಳ ಊರಿನಲ್ಲಿ. ಅವಳ ಅವ್ವ ಭತ್ತದ ನಾಟಿಗೆ ಹೋಗುತ್ತಿದ್ದ ಕೂಲಿಯವಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಮಗಳು ನಾಲ್ಕಕ್ಷರ ಕಲಿತಳಲ್ಲ, ದಿನಾ ಬೆಳಿಗ್ಗೆ ಅವಳನ್ನು ಒಲೆಯ ಮುಂದೆ ಕೂರಿಸಿ ಬೈಬಲ್ಲಿನ ಒಂದು ಅಧ್ಯಾಯ ಓದಿಸುತ್ತಿದ್ದಳಂತೆ. ಓದಿ ಮುಗಿದ ಮೇಲೆ ಅವ್ವ ಒಂದೇ ಮಾತು ಕೇಳುವುದು: "ಇದ್ರಾಗ ಇವತ್ತು ನಮಗ ಕೆಲಸ ಏನೈತಿ?" ಗದ್ದೆಗೆ ಹೋದ ಕೂಡಲೇ ಮೇಸ್ತ್ರಿಯನ್ನು ಹೇಗೆ ಕೇಳುತ್ತಿದ್ದಳೋ ಹಾಗೇ ದೇವರನ್ನೂ ಕೇಳುತ್ತಿದ್ದಳು. ಕೆಲಸ ಸಿಕ್ಕರೆ ಅವತ್ತೇ ಮಾಡಬೇಕು. ಸಿಗದಿದ್ದರೆ ಮತ್ತೆ ಓದಬೇಕು. ಅವ್ವ ಹೋದಳು, ಈ ಅಭ್ಯಾಸ ಮಗಳಿಗೆ ಅಂಟಿಕೊಂಡಿತು.

ಅಭ್ಯಾಸವೇನೋ ಒಳ್ಳೆಯದೇ. ಆದರೆ ಅಕ್ಕಪಕ್ಕದವರ ಗತಿ? ಒಂದು ಬೇಸಿಗೆಯಲ್ಲಿ ನಲ್ಲಿಯ ಹತ್ತಿರ ನನಗೂ ಅವಳಿಗೂ ಜಗಳ ಹತ್ತಿತು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮರುದಿನ ನಮ್ಮ ಆಕಳ ಕರು ಹಗ್ಗ ಕಿತ್ತುಕೊಂಡು ಹೋಗಿತ್ತು. ಹುಡುಕಿ ಹುಡುಕಿ ಸುಸ್ತಾಗಿ ಕೂತಿದ್ದೆ. ಉರಿಬಿಸಿಲಿನಲ್ಲಿ ರೈಲ್ವೆ ಗೇಟಿನ ಕಡೆಯಿಂದ ಕರುವನ್ನು ಎಳೆದುಕೊಂಡು ಬರುತ್ತಿದ್ದಾಳೆ, ಇದೇ ಅನ್ನದಾನಮ್ಮ!

"ಏನೇ, ನನ್ನ ಮನಸ್ಸು ಕರಗಸಾಕ ಬಂದೀಯೇನು?" ಅಂದೆ.

"ಇಲ್ರಿ ಅಕ್ಕಾರ. ನನಗೂ ಸಿಟ್ಟು ಹೋಗಿಲ್ಲ. ವೈರಿಯ ದನ ತಪ್ಪಿಸಿಕೊಂಡು ಹೋಗಿದ್ದು ಕಂಡ್ರ ಹೊಡಕೊಂಡು ಬಂದು ಕೊಡಬೇಕು ಅಂತ ಮುಂಜಾನೆ ಓದಿದ್ದೆ. ಅದಕ್ಕ ತಂದೆ."

"ಅಂದ್ರ ನಾನು ನಿನಗ ವೈರಿಯಾ?"

"ಈ ವಾರ ನೀವೇ ಇದ್ರಿ," ಅಂದು, ಹಗ್ಗ ನನ್ನ ಕೈಗೆ ಕೊಟ್ಟು ಹೋದಳು.

ಮೈಯೆಲ್ಲ ಉರಿದುಹೋಯಿತು. ಒಳಗೆ ಬಂದ ಮೇಲೆ ನಗುವೂ ಬಂತು, ಅದು ಬೇರೆ ಮಾತು. ಇನ್ನೊಮ್ಮೆ, ಮಾತು ಮಾತಿಗೆ ಆಣೆ ಇಡಬಾರದು, ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಅನ್ನಬೇಕು ಎಂದು ಎಲ್ಲಿಯೋ ಓದಿದಳಂತೆ. ನಮ್ಮ ಓಣಿಯಲ್ಲಿ ತರಕಾರಿ ಕೊಳ್ಳುವಾಗಲೂ ಮಕ್ಕಳ ಮೇಲೆ ಆಣೆ ಇಡುತ್ತೇವೆ. ಅವಳು ಅವತ್ತಿನಿಂದ ನಿಲ್ಲಿಸಿಯೇಬಿಟ್ಟಳು. ಆಮೇಲೆ ಓಣಿಯಲ್ಲಿ ಯಾವ ಜಗಳವಾದರೂ, "ಅನ್ನದಾನಮ್ಮನ್ನ ಕೇಳ್ರಿ" ಅನ್ನುವ ಹಾಗಾಯಿತು.

ಇಂಥವಳು ಹೋಗುತ್ತಿದ್ದ ಸಭೆಗೆ ಹಿರಿಯ ಅಂದರೆ ತಿಮ್ಮರಾಜು. ಯಾರದೋ ಯೂನಿಟ್ಟಿನಲ್ಲಿ ಟೈಲರಾಗಿದ್ದವನು ಈಗ ತಾನೇ ಯೂನಿಟ್ಟು ಇಟ್ಟಿದ್ದಾನೆ. ಅನ್ನದಾನಮ್ಮನಿಗೆ ಪ್ಯಾಂಟಿನ ಕಟ್ಟು ಬರುವುದೂ ಅವನಲ್ಲಿಂದಲೇ. ಕೆಟ್ಟವನಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಹೊಸ ವರ್ಷದ ದಿನ ಅವರ ಸಭೆಯಲ್ಲಿ ಒಂದು ಪದ್ಧತಿ ಇದೆ. ದೇವರ ಮಾತುಗಳನ್ನು ಅಚ್ಚುಮಾಡಿಸಿದ ಕಾರ್ಡುಗಳನ್ನು ತಟ್ಟೆಯಲ್ಲಿ ಮಗುಚಿ ಇಡುತ್ತಾರೆ, ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳುತ್ತಾರೆ. ಬಂದದ್ದು ಆ ವರ್ಷಕ್ಕೆ ಅವರ ವಾಗ್ದಾನ. ತಿಮ್ಮರಾಜುವಿಗೆ ಬಂದದ್ದು ದೇವದೂತರ ವಾಗ್ದಾನ: ನಿನ್ನ ಕಾಲು ಕಲ್ಲಿಗೆ ತಗಲದ ಹಾಗೆ ದೂತರು ನಿನ್ನನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಾರೆ ಅನ್ನುವುದು. ಅದನ್ನು ಯೂನಿಟ್ಟಿನ ಗೋಡೆಗೆ ಬರೆಸಿದ, ಗಾಡಿಯ ಹಿಂದೆ ಬರೆಸಿದ. ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಅದೇ ವರ್ಷ ತನ್ನ ಜಾಗವನ್ನು ಬಿಟ್ಟುಕೊಟ್ಟು ನಮ್ಮ ಮನೆಯೆದುರು ಪ್ರಾರ್ಥನಾ ಮಂದಿರ ಕಟ್ಟಿಸಿದ. ಮುಂದೆ ದೊಡ್ಡ ಕಮಾನು, ಅದರ ಮೇಲೆ ಬಣ್ಣದ ದೀಪ ಓಡುವ ಶಿಲುಬೆ. ಒಳಗೆ ಹೊಳೆಯುವ ಟೈಲ್ಸು. ಎಲ್ಲಕ್ಕೂ ದುಡ್ಡು ತೆಗೆದಿಟ್ಟ, ಮಾಳಿಗೆಯ ಸುತ್ತ ಪಿಟ್ಟಗೋಡೆ ಮಾತ್ರ ಕಟ್ಟಲಿಲ್ಲ. ಮಾಳಿಗೆಯ ಅಂಚಿಗೆ ಸೊಂಟದೆತ್ತರ ಕಟ್ಟುವ ಗೋಡೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. "ಮಂದಿರದ ಪ್ರತಿಷ್ಠೆ ಮುಗೀಲಿ, ಮುಂದ ನೋಡೋಣ" ಅಂದನಂತೆ. ದೊಡ್ಡ ಬೋಧಕರು ಬರುತ್ತಾರೆ, ಅವರು ನೋಡುವುದು ಕಮಾನನ್ನು. ಮಾಳಿಗೆಯನ್ನು ಯಾರು ನೋಡುತ್ತಾರೆ?

ಮಕ್ಕಳು ನೋಡುತ್ತಿದ್ದವು. ಪಾಸ್ಟರ್ ಅರುಣ್‌ಕುಮಾರ್‌ನ ಹೆಂಡತಿ ಮಂಜುಳ ಸಂಜೆ ಟ್ಯೂಷನ್ ಹೇಳುತ್ತಾಳೆ. ಕೆಳಗೆ ಟೈಲ್ಸ್ ಕೆಲಸ ನಡೆದಿತ್ತೆಂದು ಮಕ್ಕಳನ್ನು ಮಾಳಿಗೆಗೆ ಹತ್ತಿಸಿದ್ದರು. ಯಂತ್ರದ ಮುಂದೆ ಕತ್ತಲಾಗುವ ತನಕ ಕೂರುವ ತಾಯಂದಿರ ಮಕ್ಕಳು, ಕುರಿ ಕಾಯುವ ಮೂಕಮ್ಮನ ಮೊಮ್ಮಕ್ಕಳು, ನನ್ನ ಮಗನ ಮಗಳು ಸ್ವಪ್ನಾ. ಸ್ವಪ್ನಾಳಿಗೆ ಮಗ್ಗಿ ಬರುವುದು ಮಂಜುಳ ಹೇಳಿಕೊಟ್ಟರೆ ಮಾತ್ರ.

ಪ್ರತಿಷ್ಠೆಗೆ ಮುಂಚೆ ಇಡೀ ಬೈಬಲ್ಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮೈಕಿನಲ್ಲಿ ಓದಿ ಮುಗಿಸಬೇಕೆಂದು ನಿರ್ಧಾರವಾಯಿತು. ಸರಪಳಿ ಓದು ಅನ್ನುತ್ತಾರೆ, ನಡುವೆ ಕಡಿಯಬಾರದಂತೆ. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಹಗಲೆಲ್ಲ ಅದೇ, ಸಂಜೆಯೂ ಅದೇ, ಹಾಗಾಗಿ ಟೈಲ್ಸ್ ಕೆಲಸ ಮುಗಿದರೂ ಟ್ಯೂಷನ್ ಮಾಳಿಗೆಯ ಮೇಲೆಯೇ ಉಳಿಯಿತು. ಗಂಡಸರು ತೆಲುಗಿನಲ್ಲಿ, ಹೆಂಗಸರು ಕನ್ನಡದಲ್ಲಿ. ಪಾಳಿ ಹಂಚಿದ್ದನ್ನು ನೋಡಬೇಕಿತ್ತು! ಕೀರ್ತನೆಗಳು, ಏಸುಸ್ವಾಮಿಯ ಕಥೆ ಬರುವ ಸುವಾರ್ತೆಯ ಶುರು, ಇಂಥ ಸೊಗಸಾದ ಭಾಗವೆಲ್ಲ ಹಿರಿಯರಿಗೆ. ನಾಲಿಗೆ ಹೊರಳದ ಹೆಸರುಗಳು, ಕಟ್ಟಳೆಗಳು, ಇಂಥವೆಲ್ಲ ದಾರ ಕತ್ತರಿಸುವ ಹೆಂಗಸರಿಗೆ. ಯಾರಿಗೂ ಒಂದು ಪದ ಕಿವಿಗೆ ಬೀಳುವಂತಿರಲಿಲ್ಲ, ಎಲ್ಲರೂ ರೈಲು ಹಿಡಿಯುವವರ ಹಾಗೆ ಓದುತ್ತಿದ್ದರು. ಮುಗಿಸಬೇಕು, ಅಷ್ಟೇ.

ಅನ್ನದಾನಮ್ಮ ಮಾತ್ರ ಓಡಲಿಲ್ಲ. ಅವಳಿಗೆ ಓಡಲು ಬರುವುದೂ ಇಲ್ಲ, ಒಂದೊಂದು ಅಕ್ಷರಕ್ಕೆ ಬೆರಳಿಟ್ಟು ಓದುವವಳು. ಅವತ್ತು ಮಧ್ಯಾಹ್ನ ಅವಳ ಪಾಳಿಗೆ ಕಟ್ಟಳೆಗಳು ಬಂದಿದ್ದವು. ನಾನು ಮೆಣಸಿನಕಾಯಿ ಆರಿಸುತ್ತ ಕೂತು, ಬೇಡವೆಂದರೂ ಕೇಳುತ್ತಿದ್ದೆ. ಹೊಸ ಮನೆ ಕಟ್ಟಿದರೆ ಅದರ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಯಾರಾದರೂ ಬಿದ್ದು ಸತ್ತರೆ ಆ ರಕ್ತ ನಿನ್ನ ಮನೆಯ ಮೇಲೆ ಎಂಬ ಅರ್ಥದ ಮಾತು ಬಂತು. ಒಳಗಿನಿಂದ ಎಂದಿನಂತೆ, "ಸ್ತೋತ್ರಂ! ಆಮೆನ್!"

ನನ್ನ ಕೈ ನಿಂತಿತು. ಮೈಕಿನಲ್ಲಿ ಅವಳ ದನಿಯೂ ನಿಂತಿತು.

"ಸ್ವಲ್ಪ ತಡೀರಿ," ಅಂದಳು ಅನ್ನದಾನಮ್ಮ, ಇಡೀ ಓಣಿಗೆ ಕೇಳುವ ಹಾಗೆ. "ಆಮೆನ್ ಆಮ್ಯಾಲೆ ಅನ್ನೋಣು. ಇದ್ರಾಗ ನಮಗ ಕೆಲಸ ಐತಿ. ನಮ್ಮ ಮಂದಿರಕ್ಕ ಪಿಟ್ಟಗೋಡಿ ಇಲ್ಲ."

ಟಕ್ ಎಂದು ಮೈಕು ಬಂದ್ ಆಯಿತು. ತಿಮ್ಮರಾಜು ಅವಳನ್ನು ಹೊರಗೆ ಕರೆದುಕೊಂಡು ಬಂದ. ಹಿಂದೆ ಪಾಸ್ಟರ್ ಅರುಣ್‌ಕುಮಾರ್, ತನ್ನ ಚಪ್ಪಲಿಯನ್ನೇ ನೋಡುತ್ತ. ಪಾಪ, ಅವನ ಮನೆ ಬಾಡಿಗೆ ಕಟ್ಟುವವನೂ ತಿಮ್ಮರಾಜುವೇ. ನಾನು ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ, ಮರೆಯಲ್ಲೇನೂ ನಿಲ್ಲಲಿಲ್ಲ.

"ಸರಪಳಿ ಕಡದುಬಿಟ್ಟೆಲ್ಲ ಅನ್ನದಾನಮ್ಮ! ಬುದ್ಧಿ ಐತೇನು ನಿನಗ?"

"ಅಣ್ಣಾರ, ನಾವು ಓದಿದ್ದು ಈ ಮಾಳಿಗಿ ಕೆಳಗೇ ಕೂತು. ದಿನಾ ಸಂಜಿ ಮ್ಯಾಲೆ ಮಕ್ಕಳು ಕೂರ್ತಾವು."

"ನಿನ್ನ ಮನ್ಯಾಗ ಯಾರರ ಬಿದ್ದು ಸತ್ತಾರೇನು? ಯಾಕ ಇಷ್ಟು ಹಟ?"

"ಸಾಯೋತನಕ ಕಾಯಬೇಕೇನ್ರಿ?"

ತಿಮ್ಮರಾಜುವಿನ ಮುಖ ಕೆಂಪಗಾಯಿತು. ಕೈ ಎತ್ತಿ ಸಭೆಯವರಿಗೆಲ್ಲ ಕೇಳುವಂತೆ ಹೇಳಿದ: "ದೇವರು ತನ್ನ ದೂತರಿಗೆ ಅಪ್ಪಣಿ ಕೊಟ್ಟಾನ. ಕಾಲು ಕಲ್ಲಿಗೆ ತಗಲದಂಗ ಕೈಯಾಗ ಎತ್ತಿ ಹಿಡೀತಾರ. ದೇವರ ಮಂದಿರದ ಮ್ಯಾಲಿಂದ ದೇವರ ಮಕ್ಕಳು ಬೀಳ್ತಾರೇನು? ನಿನಗ ವಿಶ್ವಾಸ ಕಡಿಮಿ."

"ವಿಶ್ವಾಸ ಐತ್ರಿ. ಅದಕ್ಕೇ ಬರದದ್ದನ್ನ ಮಾಡ್ರಿ ಅಂತೀನಿ."

ಅವಳ ಪರವಾಗಿ ಯಾರೂ ಒಂದು ಮಾತು ಆಡಲಿಲ್ಲ. ಓದು ಮತ್ತೆ ಶುರುವಾಯಿತು, ಇನ್ನೊಬ್ಬಳು ಮೈಕಿನ ಮುಂದೆ ಕೂತಳು. ಮರುದಿನದಿಂದ ಅನ್ನದಾನಮ್ಮನ ಮೆಟ್ಟಿಲಿಗೆ ಪ್ಯಾಂಟಿನ ಕಟ್ಟು ಬರಲಿಲ್ಲ. "ಆರ್ಡರ್ ಕಡಿಮಿ ಅದಾವಂತ" ಅಂದ ಕಾಟಪ್ಪ ನನ್ನ ಮುಖ ನೋಡದೆ. ಉಳಿದ ಮನೆಗಳ ಮುಂದೆ ಕಟ್ಟುಗಳು ಆಳೆತ್ತರ ಬಿದ್ದಿದ್ದವು, ನನಗೇನು ಕಣ್ಣಿಲ್ಲವೇ?

ಥೂ ನಿನ್ನ, ಒಂದು ಗೋಡೆ ಕಟ್ಟು ಅಂದದ್ದಕ್ಕೆ ಒಬ್ಬಳ ಅನ್ನಕ್ಕೆ ಕೈ ಹಾಕುವುದೇ? ಅವಳ ಮೇಲೂ ಅಷ್ಟೇ ಸಿಟ್ಟು ಬಂತು, ಯಾಕೆಂದರೆ ಅವಳು ಅಳಲಿಲ್ಲ, ಬೈಯಲಿಲ್ಲ, ಬೇರೆ ಯೂನಿಟ್ಟಿಗೂ ಹೋಗಲಿಲ್ಲ. ಸಂಜೆಯಾದ ಕೂಡಲೇ ಮಂದಿರದ ಮಾಳಿಗೆ ಹತ್ತಿ, ಮಕ್ಕಳು ಕೂರುವ ಕಡೆಯ ಅಂಚಿನಲ್ಲಿ, ಬೀದಿಗೆ ಬೆನ್ನು ಮಾಡಿ ಕೂತಳು. ಗೋಡೆ ಇರಬೇಕಾದ ಜಾಗದಲ್ಲಿ ತಾನು. ಟ್ಯೂಷನ್ ಮುಗಿಯುವ ತನಕ ಕೂತು, ಕೊನೆಯ ಮಗು ಇಳಿದ ಮೇಲೆ ಇಳಿದಳು. ಮರುದಿನವೂ ಹಾಗೇ.

ಒಂದು ಸಂಜೆ ಕಿಟಕಿಯಿಂದ ನೋಡುತ್ತಿದ್ದೇನೆ. ಸ್ವಪ್ನಾಳ ರಬ್ಬರು ಉರುಳಿ ಅಂಚಿನ ಕಡೆ ಹೋಯಿತು. ಹುಡುಗಿ ಬಗ್ಗಿಕೊಂಡು ಅದರ ಹಿಂದೆಯೇ ಓಡಿದಳು. ಅನ್ನದಾನಮ್ಮ ಕೂತಲ್ಲಿಂದಲೇ ಕೈ ಚಾಚಿ ಲಂಗದ ಅಂಚು ಹಿಡಿದು ಎಳೆದುಕೊಂಡಳು. ರಬ್ಬರು ಕೆಳಗೆ ಬಿದ್ದು ನಮ್ಮ ಅಂಗಡಿಯ ಮುಂದಿನ ಚರಂಡಿ ಸೇರಿತು. ಅಯ್ಯೋ ಶಿವನೇ!

ಅವತ್ತೇ ಸ್ವಪ್ನಾಳನ್ನು ಟ್ಯೂಷನ್ನಿನಿಂದ ಬಿಡಿಸಿದೆ. ಮೂಕಮ್ಮನಿಗೂ ಹೇಳಿದೆ, ಮೊಮ್ಮಕ್ಕಳನ್ನು ಕಳಿಸಬೇಡ ಎಂದು. "ಮತ್ತ ಎಲ್ಲಿ ಬಿಡ್ಲಿ ಅಕ್ಕಾರ? ನಾನು ಕುರಿ ಹಿಂದ, ಮಗಳು ಮಿಷನ್ನಿನ ಮುಂದ. ಮನ್ಯಾಗ ಬಿಟ್ರ ಬೀದಿಗೆ ಬರ್ತಾವು, ಬೀದ್ಯಾಗ ಲಾರಿ," ಅಂದಳು. ನನ್ನ ಮೊಮ್ಮಗಳು ಮನೆಯಲ್ಲಿ ಸುರಕ್ಷಿತ, ಉಳಿದ ಮಕ್ಕಳು ಅಲ್ಲೇ.

ನನ್ನ ಗಂಡನ ತಲೆ ತಿಂದು ಒಪ್ಪಿಸಿ, ಅನ್ನದಾನಮ್ಮನನ್ನು ಅಂಗಡಿಗೆ ಕರೆಸಿದೆ. "ಇಟ್ಟಂಗಿ ನಾವು ಕೊಡ್ತೀವಿ, ಸಿಮೆಂಟೂ ಕೊಡ್ತೀವಿ. ಗ್ವಾಡಿ ಕಟ್ಟಾಕ ಗೌಂಡಿನ ಕರಸ್ತೀವಿ. ಆ ಪುಣ್ಯಾತ್ಮನ ಕೇಳೋದೇ ಬ್ಯಾಡ," ಅಂದೆ.

ಅವಳು ಏನಂದಳು ಗೊತ್ತೇ? "ಬ್ಯಾಡ್ರಿ ಅಕ್ಕಾರ. ಮನಿ ಕಟ್ಟಿದವರು ಗ್ವಾಡಿ ಕಟ್ಟಬೇಕು ಅಂತ ಐತ್ರಿ. ಎದುರುಮನಿಯವರು ಕಟ್ಟಬೇಕು ಅಂತ ಇಲ್ಲ. ನೀವು ಕಟ್ಟಿಬಿಟ್ರ ನಮ್ಮವರು ಓದೋದು ಯಾಕ?"

"ಅಷ್ಟರಾಗ ಮಗು ಬಿದ್ರ?"

"ನಾ ಕೂತೀನಲ್ರಿ."

"ನೀ ಬಿದ್ರ?"

ನೀಲಿ ಬೆರಳುಗಳನ್ನು ಸೆರಗಿನಿಂದ ಒರೆಸಿಕೊಂಡಳು, ಒರೆಸಿದರೆ ಹೋಗುವ ಬಣ್ಣವೇ ಅದು? "ಬೈರಿ ಅಕ್ಕಾರ, ನೀವು ಬೈದ್ರ ಬ್ಯಾಸರ ಇಲ್ಲ," ಅಂದು ಹೊರಟುಹೋದಳು. ಗೋಡೆಗೆ ಹೇಳಿದರೂ ಅದು ಕೇಳಿಸಿಕೊಳ್ಳುತ್ತಿತ್ತು, ಅವಳು ಕೇಳಲಿಲ್ಲ.

ಓದು ಮುಂದುವರಿಯಿತು. ಯಾರು ಯಾರನ್ನೋ ಕೊಂದರು, ಯಾರು ಯಾರಿಗೋ ಹುಟ್ಟಿದರು, ಪ್ರವಾದಿಗಳು ಬೈದರು. ಆ ಪ್ರವಾದಿಗಳ ಬೈಗುಳ ಮಾತ್ರ ನನಗೆ ಬಹಳ ಹಿಡಿಸಿತು. ಆದರೆ ಬೈಸಿಕೊಳ್ಳಬೇಕಾದವರೇ ಓದಿ, ಅವರೇ ಸ್ತೋತ್ರಂ ಅಂದು ಎದ್ದು ಹೋಗುತ್ತಿದ್ದರು.

ಹೀಗೆ ಸುವಾರ್ತೆಯ ಶುರು ಬಂತು. ಅದು ತಿಮ್ಮರಾಜುವಿನ ಪಾಳಿ. ಸಂಜೆ ಹೊತ್ತು, ಬೆಟ್ಟದ ಬಂಡೆಗಳು ಇನ್ನೂ ಕಾವು ಉಗುಳುತ್ತಿದ್ದವು. ನಾನು ಜೋಳದ ರೊಟ್ಟಿ ತಟ್ಟುತ್ತಿದ್ದೆ. ಎದುರು ಮಾಳಿಗೆಯ ಮೇಲೆ ಮಂಜುಳ ಮಗ್ಗಿ ಹೇಳಿಸುತ್ತಿದ್ದಳು, ಅಂಚಿನಲ್ಲಿ ಅನ್ನದಾನಮ್ಮ, ಅವಳ ಪಕ್ಕದ ಕಂಬದಲ್ಲೇ ಮೈಕು. ತಿಮ್ಮರಾಜು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಗಂಟಲು ಸರಿಮಾಡಿಕೊಂಡು ತೆಲುಗಿನಲ್ಲಿ ಶುರುಮಾಡಿದ. ನಮಗೆ ತೆಲುಗೂ ಕನ್ನಡವೂ ಎರಡೂ ಮನೆಯ ಮಾತೇ, ಒಂದು ಪದವೂ ತಪ್ಪುವುದಿಲ್ಲ. ದನಿ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಏಸುಸ್ವಾಮಿ ಹುಟ್ಟಿದ್ದಾಯಿತು, ಹೊಳೆಯಲ್ಲಿ ಮುಳುಗಿ ಎದ್ದದ್ದಾಯಿತು. ಆಮೇಲೆ ಅಡವಿಯಲ್ಲಿ ಹಸಿದುಕೊಂಡಿದ್ದಾಗ ಸೈತಾನ ಬರುತ್ತಾನೆ. ಪಟ್ಟಣಕ್ಕೆ ಕರೆದುಕೊಂಡು ಹೋಗಿ ದೇವಾಲಯದ ತುತ್ತತುದಿಯ ಮೇಲೆ ನಿಲ್ಲಿಸುತ್ತಾನೆ. ನೀನು ದೇವರ ಮಗನಾಗಿದ್ದರೆ ಇಲ್ಲಿಂದ ಕೆಳಕ್ಕೆ ಧುಮುಕು ಅನ್ನುತ್ತಾನೆ. ತಿಮ್ಮರಾಜು ಕೈಕಾಲು ಆಡಿಸುತ್ತ ಓದುತ್ತಿದ್ದಿರಬೇಕು, ದನಿ ಹಾಗಿತ್ತು. ಹೆದರಬೇಡ, ದೇವರು ದೂತರಿಗೆ ಅಪ್ಪಣೆ ಕೊಟ್ಟಿದ್ದಾನೆ, ನಿನ್ನ ಕಾಲು ಕಲ್ಲಿಗೆ...

ಅಲ್ಲಿಗೆ ದನಿ ನಿಂತುಹೋಯಿತು.

ನನ್ನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಮೈಕು ಗುಂಯ್ ಅನ್ನುತ್ತಿತ್ತು. ಹೆಂಚಿನ ಮೇಲಿನ ರೊಟ್ಟಿ ಕರಕಲಾಗುತ್ತಿರುವ ವಾಸನೆ ಬಂದರೂ ನಾನು ಅಲುಗಲಿಲ್ಲ. ಅವನು ಎಷ್ಟು ಸಲ ಆ ಪುಟ ಓದಿದ್ದನೋ ಏನೋ. ತನ್ನ ಗಾಡಿಯ ಹಿಂದೆ ಬರೆಸಿಕೊಂಡು ತಿರುಗಿದ ವಾಗ್ದಾನವನ್ನು ಗುಡಿಯ ಮಾಳಿಗೆಯ ಮೇಲೆ ನಿಂತು ಎತ್ತಿ ಆಡಿದವನು ಸೈತಾನ ಎಂದು ಅವನಿಗೆ ಅವತ್ತು ಕಾಣಿಸಿತು. ನನಗೂ ಕಾಣಿಸಿತು, ಇಡೀ ಓಣಿಗೂ ಕಾಣಿಸಿತು.

ಮಾಳಿಗೆಯ ಮೇಲಿಂದ ಅನ್ನದಾನಮ್ಮ ಕೂಗಿದಳು. ಹಂಗಿಸುವ ದನಿಯಲ್ಲ, ದಿನವೂ ಕೇಳುವ ಅದೇ ದನಿ: "ಅಣ್ಣಾರ, ಇದ್ರಾಗ ಇವತ್ತು ನಮಗ ಕೆಲಸ ಏನೈತ್ರಿ?"

ತಿಮ್ಮರಾಜು ಹೊರಗೆ ಬಂದ. ಬೀದಿಯ ನಡುವೆ ನಿಂತು ಮೇಲೆ ನೋಡಿದ. ಗೋಡೆಯಿಲ್ಲದ ಅಂಚು, ಅಲ್ಲಿ ಬೆನ್ನು ಮಾಡಿ ಕೂತ ಹೆಂಗಸು, ಅವಳ ಹೆಗಲ ಮೇಲಿಂದ ಇಣುಕುವ ಮೂಕಮ್ಮನ ಮೊಮ್ಮಕ್ಕಳು. ನೋಡಿದ, ಮತ್ತೆ ನೋಡಿದ. ಆಮೇಲೆ ನೇರ ನಮ್ಮ ಅಂಗಡಿಗೆ ಬಂದ. ಪುಸ್ತಕ ಕೈಯಲ್ಲೇ ಇತ್ತು, ಬೆರಳು ಆ ಪುಟದಲ್ಲೇ ಸಿಕ್ಕಿಕೊಂಡಿತ್ತು.

"ಮಲ್ಲಪ್ಪಣ್ಣಾರ, ಇಟ್ಟಂಗಿ ಬೇಕ್ರಿ. ಈಗಲೇ."

ನಾನು ಕೈಗೆ ಹತ್ತಿದ ಹಿಟ್ಟಿನ ಸಮೇತ ಕೆಳಗಿಳಿದು ಬಂದಿದ್ದೆ. ಬಾಯಿ ಸುಮ್ಮನಿದ್ದೀತೇ? "ಈಗ ಕೇಳಿಸ್ತೇನ್ರಿ? ನಮ್ಮ ಕಿವಿ ತೂತು ಬೀಳೋ ಹಂಗ ಓದಿದ್ರಲ್ಲ, ನಿಮಗ ಕೇಳಸಾಕ ಇಷ್ಟು ಹೊತ್ತು ಬೇಕಾತೇನು? ನನ್ನ ಮೊಮ್ಮಗಳು ಬಿದ್ದಿದ್ರ ಯಾವ ಅಧ್ಯಾಯ ಓದ್ತಿದ್ರಿ? ಆಕಿ ಕಟ್ಟು ನಿಲ್ಲಿಸಿದ್ರಲ್ಲ, ಅದು ಯಾವ ಪುಟದಾಗ ಐತಿ, ತೋರಿಸ್ರಿ!"

"ಬೈರಿ ಅಕ್ಕಾರ," ಅಂದ. "ನಾ ಓದಿದ್ದು ನನಗ ಕೇಳಿಸಿದ್ದು ಇವತ್ತೇ." ಕಣ್ಣು ತುಂಬಿತ್ತು. ಬೈಯುವವರಿಗೆ ಎದುರಿನವರು ಹೀಗೆ ಮಾಡಿಬಿಟ್ಟರೆ ಸಿಟ್ಟನ್ನು ಎಲ್ಲಿ ಇಡುವುದು ಹೇಳಿ?

ಪ್ರತಿಷ್ಠೆ ಮುಂದಕ್ಕೆ ಹೋಗಲಿಲ್ಲ, ಬೋಧಕರೂ ಬಂದರು. ಆ ದುಡ್ಡೆಲ್ಲ ಗೋಡೆಗೆ ಹೋಗಿ, ಅವರು ಬಂದಾಗ ಕಮಾನಿಗೆ ಬಣ್ಣ ಬಳಿದಿರಲಿಲ್ಲ, ಶಿಲುಬೆಗೆ ದೀಪ ಹಾಕಿಸಿರಲಿಲ್ಲ. ಮಾಳಿಗೆಯ ಸುತ್ತ ಸಿಮೆಂಟಿನ ಗಿಲಾವು ಕಾಣದ ಬರಿ ಇಟ್ಟಿಗೆಯ ಗೋಡೆ ನಿಂತಿತ್ತು. ತಿಮ್ಮರಾಜು ತಾನೇ ಪ್ಯಾಂಟಿನ ಕಟ್ಟು ಹೊತ್ತು ತಂದು ಅನ್ನದಾನಮ್ಮನ ಮೆಟ್ಟಿಲ ಮೇಲೆ ಇಟ್ಟ. ಅವಳು ಅದನ್ನು ಒಳಗಿಟ್ಟುಕೊಂಡು, "ಗಿಲಾವು ಯಾವಾಗ್ರಿ ಅಣ್ಣಾರ?" ಎಂದು ಕೇಳಿದಳು. ಕಾಟಪ್ಪ ತಲೆ ಚಚ್ಚಿಕೊಂಡ.

ಸ್ವಪ್ನಾ ಮತ್ತೆ ಟ್ಯೂಷನ್ನಿಗೆ ಹೋದಳು. ಇನ್ನಾದರೂ ನೆಮ್ಮದಿ ಅಂದುಕೊಂಡು, ನಾನು ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಎದುರು, ಹೊಸ ಗೋಡೆಗೆ ಮೊಣಕೈ ಊರಿ ಅನ್ನದಾನಮ್ಮ ನಿಂತಿದ್ದಳು. ನಮ್ಮ ಕಡೆಯೇ ನೋಡುತ್ತಿದ್ದಳು.

"ಅಕ್ಕಾರ, ನಿಮ್ಮ ಮಾಳಿಗಿಗೂ ಹಿಂದಕ ಗ್ವಾಡಿ ಇಲ್ಲಲ್ರಿ."

ನೆತ್ತಿಗೆ ಬೆಂಕಿ ಹತ್ತಿದ ಹಾಗಾಯಿತು. "ಏನೇ! ನಮ್ಮ ಮಾಳಿಗಿ ಸುದ್ದಿ ನಿನಗ್ಯಾಕ? ನಾವೇನು ನಿಮ್ಮ ಸಭೆಯವರೇನು? ನಿಮ್ಮ ಪುಸ್ತಕ ನಿಮ್ಮ ಮನ್ಯಾಗ ಇಟ್ಕೋ!"

"ಪುಸ್ತಕ ಬಿಡ್ರಿ," ಅಂದಳು. "ಮೆಣಸಿನಕಾಯಿ ತಿರುವಾಕ ಸ್ವಪ್ನಾ ಅಲ್ಲೇ ಓಡಾಡ್ತಾಳ. ಅದಕ್ಕ ಅಂದೆ."

ತಿರುಗಿ ನೋಡಿದೆ. ಹಿಂದಿನ ಅಂಚಿನ ಹತ್ತಿರ, ಮೆಣಸಿನಕಾಯಿಯ ನಡುವೆ, ಸ್ವಪ್ನಾ ಕುಂಟೆಬಿಲ್ಲೆಗೆ ಗೆರೆ ಎಳೆದ ಸೀಮೆಸುಣ್ಣದ ಗುರುತು ಇತ್ತು. ಕೊನೆಯ ಮನೆ ಅಂಚಿಗೇ ತಾಗಿತ್ತು.

ಕೈಯಲ್ಲಿದ್ದ ಮೊರ ಬಿಸಾಡಿ ಕೆಳಗಿಳಿದೆ. ನನ್ನ ಗಂಡ ಇಟ್ಟಿಗೆಯ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು, ವಚನದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಏಳ್ರಿ ಮ್ಯಾಲಕ್ಕ! ಊರಿಗೆಲ್ಲ ಇಟ್ಟಂಗಿ ಮಾರ್ತೀರಿ, ನಮ್ಮ ಮಾಳಿಗಿ ಹಿಂದ ಒಂದು ಗ್ವಾಡಿ ಕಟ್ಟಾಕ ನಿಮಗ ಏನಾಗೇತಿ?"

ಅವರು ಕನ್ನಡಕ ತೆಗೆದರು. "ಇದ್ದಕ್ಕಿದ್ದಂಗ ಏನಾತು? ಯಾರು ಹೇಳಿದ್ರು?"

"ಯಾರು ಹೇಳಿದ್ರೇನು? ಗೌಂಡಿಗೆ ಫೋನ್ ಹಚ್ರಿ. ಗ್ವಾಡಿ ಏಳೋತನಕ ಈ ಮನ್ಯಾಗ ಒಲಿ ಹತ್ತೋದಿಲ್ಲ!"